ಸಂಜೆಯ ಪಾದದ ಅಳತೆ

ಓಸ್ಟರ್‌ವೆರ್ಡ್, ಫ್ರೀಸ್‌ಲ್ಯಾಂಡ್
12 ಅಕ್ಟೋಬರ್ 2013

ಬ್ರೆಕ್‌ಡೇಲ್ ಬೆಟ್ಟ ರಕ್ಷಣಾ ತಂಡದ ಶ್ರೀ ಐಸಾಕ್ ರಿಗ್ ಅವರಿಗೆ,

ಆಗಸ್ಟ್ ಇಪ್ಪತ್ತನಾಲ್ಕರ ಮಧ್ಯಾಹ್ನ ಸ್ಕಾರ್ ಪೈಕ್ ಶಿಖರದ ಕೆಳಗಿನ ಹಾಸುಬಂಡೆಯ ಮೇಲೆ ಜಾರಿ ಬಿದ್ದು ಎಡಗಾಲಿನ ಕಣಕಾಲು ಮುರಿದುಕೊಂಡವಳು ನಾನು. ನಿಮ್ಮ ತಂಡದ ವರದಿಯಲ್ಲಿ ‘ಒಬ್ಬ ಡಚ್ ಹೆಂಗಸು’ ಎಂದು ಬರೆದಿರುವುದಾಗಿ ತಿಳಿಯಿತು. ದಯವಿಟ್ಟು ‘ಫ್ರೀಸ್‌ಲ್ಯಾಂಡಿನವಳು’ ಎಂದು ತಿದ್ದಿಕೊಳ್ಳಬೇಕು. ನಮಗೆ ನಮ್ಮದೇ ಬೇರೆ ನುಡಿ ಇದೆ; ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ.

ಹದಿನಾಲ್ಕು ಮಂದಿ ಐದು ಗಂಟೆಗಳ ಕಾಲ ನನ್ನನ್ನು ಹೊತ್ತು ಇಳಿಸಿದಿರಿ. ನೋವಿನ ಮದ್ದಿನ ಮಂಪರಿನಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ; ನೆನಪಿರುವುದು ಕೈಗಳು ಮಾತ್ರ. ಸ್ಟ್ರೆಚರಿನ ಹಿಡಿಯ ಮೇಲೆ ಕೈಗಳು ಬದಲಾಗುತ್ತಿದ್ದುದು, ಒಂದು ಒದ್ದೆ ಕೈಗವಸು ನನ್ನ ಹಣೆಯ ಮೇಲೆ ಮಳೆ ಬೀಳದಂತೆ ಬಹಳ ಹೊತ್ತು ಅಡ್ಡ ಹಿಡಿದಿದ್ದುದು. ನನ್ನ ಶೂ ಕತ್ತರಿಸಿ ತೆಗೆದವರು ನೀವೆಂದು ನಿಮ್ಮ ನಾಯಕರು ಬರೆದರು. ಹದಿನಾಲ್ಕು ಹೆಸರುಗಳಲ್ಲಿ ನನಗೆ ದೊರೆತ ಮೊದಲ ಹೆಸರು ನಿಮ್ಮದು. ಆದ್ದರಿಂದ ಎಲ್ಲರಿಗೂ ಸಲ್ಲಬೇಕಾದ ಕೃತಜ್ಞತೆಯನ್ನು ನಿಮ್ಮ ವಿಳಾಸಕ್ಕೆ ಕಳುಹಿಸುತ್ತಿದ್ದೇನೆ. ಜೊತೆಗಿರುವುದು ನಮ್ಮ ಕಡೆಯ ಸಕ್ಕರೆ ಹರಳಿನ ಬ್ರೆಡ್ಡು. ದಪ್ಪ ಬೆಣ್ಣೆ ಹಚ್ಚಿ ತಿನ್ನಬೇಕು.

ಒಂದು ಮಾತು ಹೇಳದೆ ಈ ಪತ್ರವನ್ನು ಮುಚ್ಚಲಾರೆ. ನಾನು ನಲವತ್ತೆಂಟು ವರ್ಷದವಳು. ಕಡಲ ಒಡ್ಡುಗಳನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಮೂವತ್ತು ಕಿಲೋಮೀಟರ್ ಒಡ್ಡನ್ನು ನಡೆದು, ಬಿರುಕು ಎಲ್ಲಿದೆ, ಹೆಗ್ಗಣ ಎಲ್ಲಿ ತೋಡಿದೆ ಎಂದು ನೋಡುವವಳು. ನನ್ನನ್ನು ಯಾರಾದರೂ ಹೊತ್ತು ತರಬೇಕಾದದ್ದು ಅದೇ ಮೊದಲು. ಆ ಹಾಸುಬಂಡೆಯನ್ನು ಒಂದು ದಿನ ನನ್ನ ಕಾಲ ಮೇಲೆಯೇ ಇಳಿದು ಬಂದು ನಿಮ್ಮೆಲ್ಲರ ಎದುರು ನಿಲ್ಲಬೇಕು. ಅಲ್ಲಿಯವರೆಗೆ ನನ್ನ ಕೃತಜ್ಞತೆ ಅರ್ಧ ಹೇಳಿದ ಮಾತಾಗಿಯೇ ಉಳಿಯುತ್ತದೆ.

ಗೌರವಪೂರ್ವಕವಾಗಿ,
ಫೆನ್ನಾ ಬೌಮಾ


ರಿಗ್ ಪಾದರಕ್ಷೆಗಳ ಅಂಗಡಿ, ಬ್ರೆಕ್‌ಡೇಲ್, ಕಂಬ್ರಿಯಾ
3 ನವೆಂಬರ್ 2013

ಶ್ರೀಮತಿ ಬೌಮಾ ಅವರಿಗೆ,

ವರದಿಯನ್ನು ತಿದ್ದಿಸಿದ್ದೇನೆ. ಬ್ರೆಡ್ಡನ್ನು ತಂಡದ ಕೋಣೆಯಲ್ಲಿ ಹಂಚಿದೆವು. ನನ್ನ ಹೆಂಡತಿ ಹೆಸ್ಟರ್ ಒಂದು ತುಂಡು ತಿಂದು “ಪರವಾಗಿಲ್ಲ” ಎಂದಳು. ಈ ಕಣಿವೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ‘ಅತ್ಯುತ್ತಮ’ ಎಂಬ ಮಾತನ್ನು ಇಲ್ಲಿನವರು ಸತ್ತವರಿಗೆ ಮಾತ್ರ ಮೀಸಲಿಟ್ಟಿದ್ದಾರೆ.

ನಾನು ನಲವತ್ತೊಂದು ವರ್ಷಗಳಿಂದ ಬೆಟ್ಟದ ಓಟಗಾರರಿಗೆ ಶೂ ಆರಿಸಿ ಕೊಡುತ್ತಿದ್ದೇನೆ; ಸವೆದ ಅಟ್ಟೆಗಳನ್ನು ಕಿತ್ತು ಹೊಸದು ಹಾಕುತ್ತೇನೆ. ಆದ್ದರಿಂದ ಒಂದು ಮಾತನ್ನು ಮುಚ್ಚಿಡಲಾರೆ. ನಾನು ಕತ್ತರಿಸಿದ ಆ ಶೂ ಕತ್ತರಿಸಲಿಕ್ಕೇ ಯೋಗ್ಯವಾಗಿತ್ತು. ಅದರ ಒಳಗೆ ನೀರು ಬಾರದಂತೆ ಒಂದು ಪೊರೆ ಹೊಲಿದಿದ್ದರು. ಬ್ರೆಕ್‌ಡೇಲಿನ ಜೌಗಿನಲ್ಲಿ ನೀರು ಮೇಲಿನಿಂದ, ಶೂವಿನ ಬಾಯಿಂದಲೇ ನುಗ್ಗುತ್ತದೆ. ಪೊರೆ ಅದನ್ನು ಹೊರಗೆ ಬಿಡುವುದಿಲ್ಲ. ನೀವು ಎರಡು ಬಕೆಟ್ ಕಟ್ಟಿಕೊಂಡು ಬೆಟ್ಟ ಹತ್ತಿದ್ದಿರಿ. ಅಟ್ಟೆಯ ರಬ್ಬರೋ ಬಾಗಿಲ ಮೆಟ್ಟಿಲಿನಷ್ಟು ಗಡುಸು; ಒದ್ದೆ ಬಂಡೆಯನ್ನು ಅದು ಹಿಡಿಯಲಾರದು. ನೀವು ಬಿದ್ದದ್ದು ನಿಮ್ಮ ಕಾಲಿನ ತಪ್ಪಲ್ಲ. ಇದನ್ನು ಆ ದಿನವೇ ಹೇಳಬೇಕೆಂದಿದ್ದೆ. ಸ್ಟ್ರೆಚರಿನ ಮೇಲಿದ್ದವರಿಗೆ ಪಾಠ ಮಾಡಬಾರದೆಂದು ಹೆಸ್ಟರ್ ಕಲಿಸಿದ್ದಾಳೆ.

ಕಣಕಾಲು ಕೂಡಿಕೊಳ್ಳಲಿ. ಅವಸರ ಬೇಡ.

ಐಸಾಕ್ ರಿಗ್


ಓಸ್ಟರ್‌ವೆರ್ಡ್
16 ಮಾರ್ಚ್ 2014

ಪ್ರಿಯ ರಿಗ್ ಅವರೇ,

ಮೂಳೆ ಕೂಡಿದೆ. ಕಳೆದ ವಾರ ಒಡ್ಡಿನ ಮೇಲೆ ಹತ್ತು ಕಿಲೋಮೀಟರ್ ಓಡಿದೆ. ಕುರಿಗಳು ಮಾತ್ರ ಆಶ್ಚರ್ಯಪಟ್ಟವು.

ನಿಮ್ಮ ಕಣಿವೆಯ ಸುತ್ತಿನ ಬಗ್ಗೆ ಓದಿದೆ. ಮೂವತ್ತೊಂದು ಶಿಖರ, ಐವತ್ತೆಂಟು ಮೈಲಿ, ಇಪ್ಪತ್ತನಾಲ್ಕು ಗಂಟೆಗಳ ಒಳಗೆ ಹೊರಟ ಜಾಗಕ್ಕೆ ಮರಳಬೇಕು. ಪದಕವಿಲ್ಲ, ಬಹುಮಾನವಿಲ್ಲ, ಪ್ರತಿ ಶಿಖರದ ಕಲ್ಲುಗುಪ್ಪೆಯನ್ನು ಕೈಯಿಂದ ಮುಟ್ಟಿದ್ದಕ್ಕೆ ಜೊತೆಗೊಬ್ಬ ಸಾಕ್ಷಿ ಮಾತ್ರ. ಇಪ್ಪತ್ತೇಳನೆಯದು ಸ್ಕಾರ್ ಪೈಕ್. ಅದನ್ನು ಇಳಿಯುವ ದಾರಿ ಆ ಹಾಸುಬಂಡೆ. ನಾನು ಬರುವ ವರ್ಷ ಜೂನಿನಲ್ಲಿ ಈ ಸುತ್ತನ್ನು ಓಡಬೇಕೆಂದು ನಿಶ್ಚಯಿಸಿದ್ದೇನೆ. ಕಾರಿನಲ್ಲಿ ಬಂದು ಅದೊಂದೇ ಬಂಡೆಯನ್ನು ಇಳಿದು ಹೋಗುವುದು ನನಗೆ ಬೇಡ. ನೀವು ಐದು ಗಂಟೆ ಹೊತ್ತಿರಿ. ನಾನು ಇಪ್ಪತ್ತನಾಲ್ಕು ಗಂಟೆ ನಡೆದು ತೋರಿಸಬೇಕು.

ಶೂ ನೀವು ಆರಿಸಿಕೊಡಬೇಕೆಂದು ನನ್ನ ಕೋರಿಕೆ. ನನ್ನ ನೆಲವನ್ನು ವಿವರಿಸುತ್ತೇನೆ: ಇಟ್ಟಿಗೆ ಹಾಸಿದ ದಾರಿ, ಒಡ್ಡಿನ ಇಳಿಜಾರಿನ ಹುಲ್ಲು, ನೀರಿಳಿತದ ಹೊತ್ತಿನಲ್ಲಿ ಕಡಲಿನ ಕೆಸರು. ಕೆಸರಿನಲ್ಲಿ ನಡೆಯುವವರು ನಾವು ಶೂವನ್ನು ಬೆರಳು ಮರಗಟ್ಟುವಷ್ಟು ಬಿಗಿದು ಕಟ್ಟುತ್ತೇವೆ. ಸಡಿಲವಿದ್ದರೆ ಕೆಸರು ಶೂವನ್ನು ಇಟ್ಟುಕೊಂಡು ಕಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಆದ್ದರಿಂದ ನನಗೆ ಬಿಗಿಯಾದದ್ದೇ ಬೇಕು.

ನೀವು ಈ ಸುತ್ತನ್ನು ಎಷ್ಟು ಗಂಟೆಯಲ್ಲಿ ಮುಗಿಸಿದಿರಿ?

ಫೆನ್ನಾ ಬೌಮಾ


ಬ್ರೆಕ್‌ಡೇಲ್
6 ಏಪ್ರಿಲ್ 2014

ಫೆನ್ನಾ ಅವರೇ,

ಬಿಗಿಯ ವಿಷಯದಲ್ಲಿ ನಾವು ಒಂದೇ ಮತದವರು ಎಂದು ತಿಳಿದು ಸಂತೋಷವಾಯಿತು. ಬೆಟ್ಟದ ಅಡ್ಡ ಇಳಿಜಾರಿನಲ್ಲಿ ಓಡುವಾಗ ಶೂವಿನ ಒಳಗೆ ಕಾಲು ಒಂದು ಕೂದಲಿನಷ್ಟೂ ಸರಿಯಬಾರದು. ನನ್ನ ತಂದೆ ಹಾಗೆ ಆರಿಸಿ ಕೊಡುತ್ತಿದ್ದರು, ನಾನೂ ಹಾಗೆಯೇ. ಶೂ ಎಂಬುದು ಎರಡನೆಯ ಚರ್ಮ.

ಎರಡೂ ಪಾದಗಳನ್ನು ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆದು ಕಳುಹಿಸಿ. ನೆಲ ಕಚ್ಚಲು ಅಡಿಯಲ್ಲಿ ಆಳವಾದ ರಬ್ಬರು ಹಲ್ಲುಗಳಿರುವ, ತೆಳ್ಳನೆಯ ಅಟ್ಟೆಯ, ಪೊರೆಯಿಲ್ಲದ ಜೋಡಿಯೊಂದು ನನ್ನ ಮನಸ್ಸಿನಲ್ಲಿದೆ. ಬೆಲೆಯ ಮಾತು ಬೇಡ. ಒಂದು ಜೋಡಿಯನ್ನು ಕತ್ತರಿಸಿದವನು ಒಂದು ಜೋಡಿಯನ್ನು ಕೊಡತಕ್ಕದ್ದು.

ಸುತ್ತಿನ ನಿಯಮವೊಂದನ್ನು ಈಗಲೇ ತಿಳಿದಿರಿ. ತಿನ್ನಲು ಕೊಡಬಹುದು, ದಾರಿ ತೋರಿಸಬಹುದು. ಆದರೆ ಹತ್ತುವಾಗ, ಇಳಿಯುವಾಗ, ಬೀಳುವಾಗ ಯಾರೂ ಓಟಗಾರನಿಗೆ ಕೈ ಕೊಡುವಂತಿಲ್ಲ. ಒಂದು ಬೆರಳು ತಾಗಿ ಆಸರೆಯಾದರೂ ಸುತ್ತು ಅಲ್ಲಿಗೆ ಮುಗಿಯಿತು.

ನಿಮ್ಮ ಪ್ರಶ್ನೆಗೆ ಉತ್ತರ: 1979ರಲ್ಲಿ ಇಪ್ಪತ್ತಾರನೆಯ ಶಿಖರದಲ್ಲಿ ನಿಲ್ಲಿಸಿದೆ. ಮಂಜು ಕವಿದಿತ್ತು.

ಐಸಾಕ್ ರಿಗ್


ಓಸ್ಟರ್‌ವೆರ್ಡ್
22 ಜೂನ್ 2014

ಪ್ರಿಯ ಐಸಾಕ್ ಅವರೇ,

ನೀವು ಕಳುಹಿಸಿದ ಶೂಗಳು ಅತ್ಯುತ್ತಮವಾಗಿವೆ. ಹುಲ್ಲನ್ನು ಉಗುರಿನಂತೆ ಹಿಡಿಯುತ್ತವೆ. ಕೆಸರಿನಿಂದ ಎದ್ದ ಕೂಡಲೇ ನೀರನ್ನು ಉಗುಳಿ ಹಗುರವಾಗುತ್ತವೆ. ಹೆಂಗಸಿನ ಕಾಲನ್ನು ಬರಿಯ ಗೆರೆಯಿಂದ ಇಷ್ಟು ನಿಖರವಾಗಿ ಊಹಿಸಿದ ನಿಮ್ಮ ಕಣ್ಣನ್ನು ಎಷ್ಟು ಹೊಗಳಿದರೂ ಕಡಿಮೆಯೇ. ದಿನವೂ ಅವುಗಳಲ್ಲಿಯೇ ಓಡುತ್ತಿದ್ದೇನೆ.

ಈಗ ಸಂಜೆಗಳಲ್ಲಿ ಬಹಳ ಓದುತ್ತೇನೆ. ಉಪ್ಪುನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟು ಕುಳಿತರೆ ಓದಲು ತುಂಬ ಹಿತ.

ನಿಮ್ಮ ಕೃತಜ್ಞ,
ಫೆನ್ನಾ


ಬ್ರೆಕ್‌ಡೇಲ್
14 ಸೆಪ್ಟೆಂಬರ್ 2014

ಫೆನ್ನಾ ಅವರೇ,

ಜೂನಿನ ನಿಮ್ಮ ಪತ್ರವನ್ನು ಹೆಸ್ಟರ್ ಅಂಗಡಿಯ ಗೋಡೆಗೆ ಅಂಟಿಸಿದ್ದಾಳೆ. ಬಂದವರಿಗೆಲ್ಲ “ನೋಡ್ರಪ್ಪ, ಕಡಲಾಚೆ ಒಬ್ರು ನಮ್ಮ ಐಸಾಕನ್ನ ಬದುಕಿದ್ದಾಗ್ಲೇ ಅತ್ಯುತ್ತಮ ಅಂದವ್ರೆ” ಎಂದು ತೋರಿಸುತ್ತಾಳೆ. ನನಗೆ ಮುಜುಗರ, ಆದರೆ ತೆಗೆ ಎಂದು ನಾನೂ ಹೇಳಿಲ್ಲ.

ನೀವು ಬರೆದಂತೆ ದಿನವೂ ಓಡುತ್ತಿದ್ದರೆ ಈ ವೇಳೆಗೆ ಐನೂರು ಮೈಲಿ ದಾಟಿರಬೇಕು. ಇಟ್ಟಿಗೆಯ ದಾರಿ ಹಲ್ಲುಗಳನ್ನು ಬೇಗ ತಿನ್ನುತ್ತದೆ. ಶೂಗಳನ್ನು ಕಳುಹಿಸಿ, ಹೊಸ ಅಟ್ಟೆ ಹಾಕಿ ಚಳಿಗಾಲದೊಳಗೆ ಹಿಂದಿರುಗಿಸುತ್ತೇನೆ. ಸವೆತವನ್ನು ನೋಡಿದರೆ ನಿಮ್ಮ ಹೆಜ್ಜೆ ಹೇಗೆ ಬೀಳುತ್ತದೆಂಬುದೂ ತಿಳಿಯುತ್ತದೆ.

ಐಸಾಕ್


ಓಸ್ಟರ್‌ವೆರ್ಡ್
9 ನವೆಂಬರ್ 2014

ಪ್ರಿಯ ಐಸಾಕ್ ಅವರೇ,

ತಡವಾದದ್ದಕ್ಕೆ ಕ್ಷಮೆ ಇರಲಿ. ಒಡ್ಡಿನ ಮೇಲೆ ಕೆಲಸ ಹೆಚ್ಚಾಗಿತ್ತು. ಶೂಗಳನ್ನು ಇದರೊಂದಿಗೆ ಕಳುಹಿಸುತ್ತಿದ್ದೇನೆ. ನೀವು ಹೇಳಿದಂತೆಯೇ ಹಲ್ಲುಗಳು ಸವೆದಿವೆ.

ಫೆನ್ನಾ


ಬ್ರೆಕ್‌ಡೇಲ್
7 ಡಿಸೆಂಬರ್ 2014

ಫೆನ್ನಾ,

ಈ ಪತ್ರವನ್ನು ಮೂರು ಸಲ ಹರಿದು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಶೂಗಳು ಬಂದ ದಿನ ಅವುಗಳನ್ನು ಕಿಟಕಿಯ ಬೆಳಕಿನಲ್ಲಿ ಮಗುಚಿ ಹಿಡಿದೆ. ಕಾಲು ಅಟ್ಟೆಯನ್ನು ತಿನ್ನುವ ಬಗೆಯೇ ಬೇರೆ. ಹಿಮ್ಮಡಿಯ ಹೊರ ಅಂಚು ಮೊದಲು, ಆಮೇಲೆ ಹೆಬ್ಬೆರಳ ಬುಡ. ಹಲ್ಲುಗಳ ಮೂಲೆಗಳು ಉರುಟಾಗಿ, ನುಣುಪಾಗಿ ಕರಗುತ್ತವೆ. ನಿಮ್ಮ ಶೂವಿನಲ್ಲಿ ಎಲ್ಲ ಹಲ್ಲುಗಳೂ ಒಂದೇ ಎತ್ತರಕ್ಕೆ, ಒಂದೇ ದಿಕ್ಕಿಗೆ ಗೀರಿಕೊಂಡಿವೆ. ಅದು ಮರಗೆಲಸದ ಅರದ ಗುರುತು. ಎಡಗಾಲಿನ ಅಟ್ಟೆಯ ಸಂದಿಯಲ್ಲಿ ಓಕ್ ಮರದ ಸಣ್ಣ ಸಿಪ್ಪೆಯೊಂದು ಸುರುಳಿಯಾಗಿ ಕುಳಿತಿತ್ತು. ನಿಮ್ಮ ಒಡ್ಡಿನ ಮೇಲೆ ಓಕ್ ಮರ ಬೆಳೆಯುವುದಿಲ್ಲವೆಂದು ನನ್ನ ತಿಳಿವಳಿಕೆ.

ಒಳಗಿನ ಮೆತ್ತೆಯನ್ನು ತೆಗೆದು ನೋಡಿದೆ. ಬೆರಳುಗಳ ಗುರುತು ಮೂಡಿರಬೇಕಾದ ಜಾಗದಲ್ಲಿ ಒಣಗಿದ ರಕ್ತದ ಕಲೆ ಇತ್ತು.

ನನಗೆ ಕೋಪ ಬಂದದ್ದು ನಿಜ, ಸುಳ್ಳು ಹೇಳುವುದಿಲ್ಲ. ಹೆಸ್ಟರಳನ್ನು ಕರೆದು “ನೋಡೇ, ಈಕೆ ಓಡೇ ಇಲ್ಲ. ಅರ ಹಾಕಿ ಉಜ್ಜಿ ಕಳ್ಸವ್ಳೆ. ನನ್ನ ಪೆದ್ದ ಅಂದ್ಕೊಂಡವ್ಳೆ” ಎಂದೆ. ಅವಳು ಶೂವನ್ನು ಕೈಗೆ ತೆಗೆದುಕೊಂಡು ಒಳಗಿನ ಕಲೆಯನ್ನು ಬಹಳ ಹೊತ್ತು ನೋಡಿದಳು.

“ಪೆದ್ದ ಅಂದ್ಕೊಂಡಿಲ್ಲ ಕಣೋ. ನಿನ್ ಮನಸ್ಸು ನೋಯ್ಬಾರ್ದು ಅಂತ ಕಾಲು ನೋಯಿಸ್ಕೊಂಡವ್ಳೆ.”

“ಶೂ ಸರಿಯಾಗೇ ಇತ್ತು. ನಾನು ಆರ್ಸಿದ್ದು.”

“ಎಪ್ಪತ್ತೊಂಬತ್ತರಲ್ಲೂ ನೀನೇ ಆರ್ಸಿದ್ದೆ.”

“ಅವತ್ತು ಮಂಜಿತ್ತು ಹೆಸ್ಟರ್.”

“ಮಂಜಿತ್ತೋ ಏನೋ. ಆ ಕಾಲುಚೀಲ ಒಗ್ದೋಳು ನಾನು. ಮೂರು ಉಗುರು ಅದರೊಳಗೇ ಇದ್ವು.”

ಮೂವತ್ತೈದು ವರ್ಷ ಅವಳು ಇದನ್ನು ಹೇಳದೆ ಇದ್ದಳು. ಅಂಗಡಿಯ ಬಾಗಿಲಿನ ಗಂಟೆ ಸದ್ದಾಯಿತು. ಯಾರೋ ಲೇಸು ಕೊಳ್ಳಲು ಬಂದರು. ಅವಳು ಎದ್ದು ಹೋಗಿ ಲೇಸು ಕೊಟ್ಟು ಚಿಲ್ಲರೆ ಎಣಿಸುತ್ತಿದ್ದಳು. ನಾನು ನಿಮ್ಮ ಶೂ ಹಿಡಿದುಕೊಂಡು ಅಲ್ಲಿಯೇ ಕುಳಿತಿದ್ದೆ.

ಸತ್ಯ ಹೀಗಿದೆ. ಆ ದಿನ ಇಪ್ಪತ್ತಾರನೆಯ ಶಿಖರದಲ್ಲಿ ಮಂಜು ಕರಗಿತ್ತು. ಸ್ಕಾರ್ ಪೈಕ್ ನಿಚ್ಚಳವಾಗಿ ಎದುರಿಗಿತ್ತು. ಕಾಲು ಊದಿ, ಬೆರಳುಗಳು ಶೂವಿನ ಮೂತಿಗೆ ಬಡಿದು ಬಡಿದು, ಒಂದು ಹೆಜ್ಜೆ ಇಳಿಯಲಾರದೆ ಕುಳಿತುಬಿಟ್ಟೆ. ಸಾಕ್ಷಿಯಾಗಿ ಬಂದವನು “ಮಂಜು ಅಂತ ಬರೀಲಾ?” ಎಂದ. ನಾನು ಹೂಂ ಎಂದೆ. ನಮ್ಮ ಓಟಗಳೆಲ್ಲ ಒಂದು ಗಂಟೆ, ಎರಡು ಗಂಟೆಯವು. ಅಷ್ಟಕ್ಕೆ ಬಿಗಿ ಸರಿ. ಹತ್ತು ಗಂಟೆ ದಾಟಿದ ಮೇಲೆ ಪಾದವೇ ಬೇರೆಯಾಗುತ್ತದೆ ಎಂಬುದನ್ನು ನನ್ನ ಕಾಲು ಅಂದೇ ಕಲಿತಿತ್ತು. ನಾನು ಕಲಿಯಲು ಒಪ್ಪಲಿಲ್ಲ. ಅದೇ ತಪ್ಪನ್ನು ನಿಮಗೆ ಪೊಟ್ಟಣ ಕಟ್ಟಿ ಕಳುಹಿಸಿದೆ.

ಅಂಗಡಿಗೆ ಬಂದವರೆಲ್ಲ ನನಗೆ ಧನ್ಯವಾದ ಹೇಳಿದ್ದಾರೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ‘ಇಲ್ಲಿ ಒತ್ತುತ್ತದೆ’ ಎಂದು ಹೇಳಿಲ್ಲ. ಒತ್ತಿರಲಿಲ್ಲವೆಂದು ಈಗ ನಂಬಲಾರೆ. ದಯವಿಟ್ಟು ನನಗೆ ಇನ್ನು ಕೃತಜ್ಞತೆ ಬೇಡ. ಎಲ್ಲಿ, ಎಷ್ಟು ಹೊತ್ತಿನ ಮೇಲೆ, ಯಾವ ಬೆರಳು ನೋಯುತ್ತದೆಂದು ಬರೆಯಿರಿ. ಜೂನಿಗೆ ಇನ್ನೂ ಆರು ತಿಂಗಳಿದೆ.

ಐಸಾಕ್


ಓಸ್ಟರ್‌ವೆರ್ಡ್
4 ಜನವರಿ 2015

ಐಸಾಕ್,

ನಿಮ್ಮ ಪತ್ರವನ್ನು ಓದಿ ನಾಚಿಕೆಯಿಂದ ಅಡುಗೆಮನೆಯಲ್ಲಿ ಕುಳಿತುಬಿಟ್ಟೆ. ನನ್ನ ಗಂಡ ದೌವೆ ದೋಣಿ ಕಟ್ಟುವ ಬಡಗಿ, ಅರ ಅವನದು. ಕೇಳದೆ ತೆಗೆದುಕೊಂಡಿದ್ದೆ. ಅರದ ಹಲ್ಲಿಗೆ ಕಪ್ಪು ರಬ್ಬರು ಮೆತ್ತಿದ್ದನ್ನು ನೋಡಿ ಅವನು ನವೆಂಬರಿನಲ್ಲಿಯೇ ಕೇಳಿದ್ದ. ಈಗ ನಿಮ್ಮ ಪತ್ರವನ್ನು ಓದಿ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಲ್ಲ ಮಾರಾಯ್ತಿ, ಮೇಯರ್ ಮುಖಕ್ಕೆ ಹೊಡ್ದಂಗೆ ‘ನಿಮ್ಮ ಒಡ್ಡು ಸೊಟ್ಟಗಿದೆ’ ಅಂದೋಳು ನೀನು. ನಮ್ಮಮ್ಮನ ಸೂಪು ಬರೀ ಬಿಸಿನೀರು ಅಂತ ಮದ್ವೆ ದಿನಾನೇ ಅಂದೆ. ಒಬ್ಬ ಶೂ ಅಂಗಡಿಯವ್ರಿಗೆ ಬಿಗಿ ಆಯ್ತು ಅನ್ನಕ್ಕೆ ಬಾಯಿ ಬರ್ಲಿಲ್ವಾ?”

“ಮೇಯರ್ ನನ್ನ ಹೊತ್ಕೊಂಡು ಬೆಟ್ಟ ಇಳ್ದಿರ್ಲಿಲ್ಲ” ಎಂದೆ. ಅದಕ್ಕೆ ಅವನು ನಗಲಿಲ್ಲ.

ಈಗ ನೀವು ಕೇಳಿದ್ದಕ್ಕೆ ಉತ್ತರ. ಎಂಟನೆಯ ಕಿಲೋಮೀಟರಿನಿಂದ ಬಲಗಾಲಿನ ಕಿರುಬೆರಳು ಒಳಕ್ಕೆ ಮಡಿಚಿಕೊಳ್ಳುತ್ತದೆ. ಹದಿನೈದರ ಮೇಲೆ ಎರಡೂ ಹೆಬ್ಬೆರಳು ಮೂತಿಗೆ ತಾಗುತ್ತವೆ. ನಮ್ಮಲ್ಲಿ ಬೆಟ್ಟವಿಲ್ಲ; ಇಳಿಯುವ ಅಭ್ಯಾಸಕ್ಕೆಂದು ಹದಿನೆಂಟು ಅಂತಸ್ತಿನ ಕಟ್ಟಡವೊಂದರ ಮೆಟ್ಟಿಲು ಇಳಿದಾಗ ಎಡ ಹೆಬ್ಬೆರಳ ಉಗುರು ಹೋಯಿತು. ಇಟ್ಟಿಗೆಯ ದಾರಿಯಲ್ಲಿ ಆ ಆಳವಾದ ಹಲ್ಲುಗಳು ಒಂದೊಂದಾಗಿ ಅಂಗಾಲಿಗೆ ಚುಚ್ಚುತ್ತವೆ. ಜುಲೈನಿಂದ ನಾನು ಹಳೆಯ ಮಾಮೂಲು ಶೂಗಳಲ್ಲಿ ಓಡಿದೆ. ನಿಮ್ಮದನ್ನು ಹುಲ್ಲಿನ ಮೇಲೆ, ಅರ್ಧ ಗಂಟೆಗೆ ಮಾತ್ರ ಹಾಕುತ್ತಿದ್ದೆ. ಅಷ್ಟು ಹೊತ್ತಿಗೆ ಅವು ನಿಜವಾಗಿಯೂ ಸೊಗಸು.

ನಾನು ಮುಚ್ಚಿಟ್ಟ ಇನ್ನೊಂದು ವಿಷಯವಿದೆ. ಪಾದದ ಗೆರೆ ಎಳೆದದ್ದು ಬೆಳಗ್ಗೆ, ಹಾಸಿಗೆಯಿಂದ ಎದ್ದ ಕೂಡಲೇ. ಸಂಜೆಯ ಹೊತ್ತಿಗೆ ನನ್ನ ಕಾಲು ಬಾತುಕೋಳಿಯದಾಗುತ್ತದೆ. ಅದನ್ನು ನಿಮಗೆ ತೋರಿಸಲು ಸಂಕೋಚವಾಯಿತು. ಒಡ್ಡಿನಲ್ಲಿ ಬಿರುಕು ಮುಚ್ಚಿಡುವ ರೈತನನ್ನು ನಾನು ಎಷ್ಟು ಬಯ್ದಿಲ್ಲ! ನಾನೇ ಅದನ್ನು ಮಾಡಿದೆ.

ಈ ದಿನ ಆರು ಗಂಟೆ ಓಡಿ, ಶೂ ಬಿಚ್ಚಿದ ತಕ್ಷಣ ದೌವೆಯ ಕೈಯಿಂದ ಗೆರೆ ಎಳೆಸಿ ಕಳುಹಿಸುತ್ತಿದ್ದೇನೆ. ಕಾಗದದ ಮೂಲೆಯ ಒದ್ದೆ ಕಲೆಗೆ ಕ್ಷಮೆ ಇರಲಿ. ಅದು ಪಾದವೇ, ಸೂಪಲ್ಲ.

ಫೆನ್ನಾ


ಬ್ರೆಕ್‌ಡೇಲ್
1 ಮಾರ್ಚ್ 2015

ಫೆನ್ನಾ,

ಬೆಳಗಿನ ಗೆರೆಯನ್ನು ಸಂಜೆಯ ಗೆರೆಯ ಮೇಲಿಟ್ಟು ಬೆಳಕಿಗೆ ಹಿಡಿದೆ. ಉದ್ದದಲ್ಲಿ ಅರ್ಧ ಬೆರಳಗಲ, ಅಗಲದಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸವಿದೆ. ಇಬ್ಬರು ಹೆಂಗಸರ ಪಾದಗಳೆಂದರೂ ನಂಬಬಹುದು. ಅಂದು ಸಂಜೆ ಹೆಸ್ಟರ್ ನನ್ನನ್ನೂ ಕಾಗದದ ಮೇಲೆ ನಿಲ್ಲಿಸಿ ಗೆರೆ ಎಳೆದಳು. ಐವತ್ತು ವರ್ಷ ನಾನು ಒಂದೂವರೆ ಅಳತೆ ಚಿಕ್ಕ ಶೂ ಹಾಕಿದ್ದೇನೆ. “ಅದಕ್ಕೇ ಇಷ್ಟು ಸಿಡುಕು ಅನ್ನು” ಎಂದಳು.

ಒಂದೇ ಜೋಡಿಯಿಂದ ಐವತ್ತೆಂಟು ಮೈಲಿಯನ್ನು ಗೆಲ್ಲುವ ಹಟವನ್ನು ಬಿಟ್ಟಿದ್ದೇನೆ. ಮೊದಲ ಹದಿನೇಳು ಶಿಖರ ಹುಲ್ಲು ಮತ್ತು ಜೌಗು: ಅದಕ್ಕೆ ಆಳವಾದ ಹಲ್ಲಿನದೇ, ಆದರೆ ಒಂದು ಅಳತೆ ದೊಡ್ಡದು. ಹದಿನೇಳರ ನಂತರ ರಸ್ತೆ ದಾಟುವಲ್ಲಿ ಶೂ ಬದಲಿಸಿ. ಅಲ್ಲಿಂದ ಮುಂದೆ ಬಂಡೆ, ಜಲ್ಲಿ, ಕೊನೆಯ ಒಂಬತ್ತು ಮೈಲಿ ಕಲ್ಲುಗಣಿಯ ಗಟ್ಟಿ ದಾರಿ. ಅದಕ್ಕೆ ಗಿಡ್ಡ ಹಲ್ಲು, ಮೃದುವಾದ ರಬ್ಬರು, ದಪ್ಪ ಮೆತ್ತೆ, ಬೆರಳುಗಳು ಹರಡಿಕೊಳ್ಳುವಷ್ಟು ಅಗಲವಾದ ಮೂತಿ. ನಿಂತಾಗ ಹೆಬ್ಬೆರಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಕಾಲು ಮುಂದಕ್ಕೆ ಜಾರದಂತೆ ಹಿಡಿಯುವುದು ಮೂತಿಯ ಕೆಲಸವಲ್ಲ. ಕಣಕಾಲ ಬಳಿಯ ಕೊನೆಯ ಎರಡು ತೂತುಗಳ ಕೆಲಸ. ಲೇಸನ್ನು ಅಲ್ಲಿ ಕುಣಿಕೆ ಮಾಡಿ ಹಿಮ್ಮಡಿಯನ್ನು ಹಿಂದಕ್ಕೆ ಎಳೆದು ಕಟ್ಟಿ. ಬೆರಳುಗಳ ಮೇಲೆ ಸಡಿಲ ಬಿಡಿ. ಚಿತ್ರ ಬರೆದಿದ್ದೇನೆ.

ಎರಡನೆಯ ಜೋಡಿ ನನ್ನ ಅಂಗಡಿಯಲ್ಲಿ ಇರಲಿಲ್ಲ. ಅಂಥ ದಪ್ಪ ಮೆತ್ತೆಯ ಶೂಗಳನ್ನು ‘ಹಾಸಿಗೆಗಳು’ ಎಂದು ಹಂಗಿಸಿದವನು ನಾನೇ. ಪಕ್ಕದ ಪಟ್ಟಣದ ದೊಡ್ಡ ಅಂಗಡಿಗೆ ಬಸ್ಸಿನಲ್ಲಿ ಹೋದೆ. ಅಲ್ಲಿದ್ದ ಹೆಣ್ಣುಮಗಳು ನನ್ನನ್ನು ಗುರುತಿಸಿ “ಏನ್ ರಿಗ್ ಅವ್ರೇ, ಬೇಹುಗಾರಿಕೆನಾ?” ಎಂದಳು. “ಹೂಂ, ಕಲಿಯೋಕೆ ಬಂದೆ” ಎಂದೆ. ಒಂದು ಗಂಟೆ ಕೂರಿಸಿ ಒಂಬತ್ತು ಜೋಡಿಗಳನ್ನು ತೋರಿಸಿದಳು. ಒಳ್ಳೆಯ ಹುಡುಗಿ, ರಬ್ಬರನ್ನು ಉಗುರಿನಿಂದ ಒತ್ತಿ ನೋಡುವುದನ್ನು ನಾನು ಅವಳಿಗೆ ಹೇಳಿಕೊಟ್ಟೆ.

ಅಂಗಡಿಯ ಬಾಗಿಲಿಗೆ ಹಲಗೆ ಹಾಕಿದ್ದೇನೆ: ದೂರದ ಓಟದವರು ಕಾಲು ಅಳೆಸಲು ಸಂಜೆ ನಾಲ್ಕರ ಮೇಲೆ ಬನ್ನಿ. ಹಳೆಯ ಗಿರಾಕಿಗಳು ನನಗೆ ವಯಸ್ಸಾಯಿತೆಂದು ಮಾತಾಡಿಕೊಳ್ಳುತ್ತಿದ್ದಾರಂತೆ.

ಐಸಾಕ್


ಓಸ್ಟರ್‌ವೆರ್ಡ್
10 ಮೇ 2015

ಐಸಾಕ್,

ಧನ್ಯವಾದ ಬೇಡವೆಂದಿದ್ದೀರಿ, ಆದ್ದರಿಂದ ದೂರು ಮಾತ್ರ. ಮೊದಲ ಜೋಡಿ: ಏಳು ಗಂಟೆಯವರೆಗೆ ತಕರಾರಿಲ್ಲ. ಎರಡನೆಯ ಜೋಡಿ: ನಾಲ್ಕು ಗಂಟೆಯ ನಂತರ ಬಲ ಹಿಮ್ಮಡಿಯ ಒಳಬದಿ ಉಜ್ಜುತ್ತದೆ. ನಿಮ್ಮ ಕುಣಿಕೆಯನ್ನು ಒಂದು ತೂತು ಕೆಳಗೆ ಇಳಿಸಿದೆ, ಆಮೇಲೆ ಸರಿಹೋಯಿತು. ನಿಮ್ಮ ಚಿತ್ರದಲ್ಲಿ ಅದನ್ನು ತಿದ್ದಿಕೊಳ್ಳಿ. ಮೆತ್ತೆ ದಪ್ಪವಾದ್ದರಿಂದ ಒರಟು ನೆಲದಲ್ಲಿ ಕಣಕಾಲು ಹೊರಳುವ ಭಯವಾಗುತ್ತದೆ. ಆ ಭಯ ಶೂವಿನದೋ ನನ್ನದೋ ಇನ್ನೂ ಗೊತ್ತಾಗಿಲ್ಲ.

ಉಗುರುಗಳು ಹತ್ತೂ ಇವೆ.

ಜೂನ್ ಹತ್ತೊಂಬತ್ತರ ಸಂಜೆ ಆರಕ್ಕೆ ಹೊರಡುತ್ತೇನೆ. ದೌವೆ ರಸ್ತೆ ದಾಟುವಲ್ಲಿ ಎರಡನೆಯ ಜೋಡಿಯನ್ನೂ ನಲವತ್ತು ಪ್ಯಾನ್‌ಕೇಕುಗಳನ್ನೂ ಹಿಡಿದು ನಿಂತಿರುತ್ತಾನೆ. ತಂಡದವರಿಗೆ ತಿಳಿಸಬೇಡಿ. ಮುಗಿಸಲಾಗದೆ ಹೋದರೆ ಯಾರಿಗೂ ಮುಖ ತೋರಿಸದೆ ಹಿಂದಿರುಗುವ ಸ್ವಾತಂತ್ರ್ಯ ನನಗಿರಲಿ.

ಫೆನ್ನಾ


ಓಸ್ಟರ್‌ವೆರ್ಡ್
28 ಜೂನ್ 2015

ಪ್ರಿಯ ಐಸಾಕ್,

ಆ ಸಂಜೆ ಕಣಿವೆಯಲ್ಲಿ ನಿಮ್ಮೊಡನೆ ಮಾತಾಡಲು ಹೊತ್ತೇ ಸಿಗಲಿಲ್ಲ. ಸೂಪು ಕುಡಿದು ಮೇಜಿಗೆ ತಲೆಯಿಟ್ಟು ಅಲ್ಲೇ ನಿದ್ದೆಹೋದೆ. ಮರುದಿನ ಹಡಗು ಹಿಡಿಯುವ ಧಾವಂತ. ಆದ್ದರಿಂದ ಹೇಳಬೇಕಾದದ್ದನ್ನು ಈಗ ಬರೆಯುತ್ತೇನೆ.

ತಂಡದವರಿಗೆ ಹೇಳಬೇಡಿ ಎಂದಿದ್ದೆ. ನೀವು ಹೇಳಿದಿರಿ. ಅದಕ್ಕೆ ನಿಮ್ಮ ಮೇಲೆ ಮೊದಲು ಸಿಟ್ಟು ಬಂತು ಎಂಬುದನ್ನೂ ಬರೆದುಬಿಡುತ್ತೇನೆ.

ಸ್ಕಾರ್ ಪೈಕ್ ತಲೆಯ ಮೇಲೆ ಕಲ್ಲುಗುಪ್ಪೆ ಮುಟ್ಟಿದಾಗ ಮಧ್ಯಾಹ್ನ ಎರಡೂ ಇಪ್ಪತ್ತು. ಸಾಕ್ಷಿಯಾಗಿ ನೀವು ಜೊತೆಗೆ ಕಳುಹಿಸಿದ್ದ ನಾರ್ಮನ್ “ಟೈಮ್ ಐತೆ, ಓಡ್ಬೇಡ, ನಡಿ” ಎಂದ. ಸಣ್ಣ ಮಳೆ ಹಿಡಿದಿತ್ತು. ಬಂಡೆಯ ಅಂಚಿಗೆ ಬಂದು ಕೆಳಗೆ ನೋಡಿದರೆ ಹಾಸುಬಂಡೆಯ ಎರಡೂ ಬದಿಯಲ್ಲಿ ಜನ. ಅಂದು ನನ್ನನ್ನು ಹೊತ್ತ ಹದಿನಾಲ್ವರಲ್ಲಿ ಹನ್ನೊಂದು ಮಂದಿ. ಉಳಿದ ಮೂವರಲ್ಲಿ ಒಬ್ಬರು ಕುರಿಯ ಉಣ್ಣೆ ಕತ್ತರಿಸುತ್ತಿದ್ದಾರೆ, ಒಬ್ಬರಿಗೆ ಮಂಡಿ ನೋವು, ಒಬ್ಬರು ಊರು ಬಿಟ್ಟರು ಎಂದು ಆಮೇಲೆ ತಿಳಿಯಿತು. ಹಿಂದಿನ ಸಂಜೆ ಹೊರಡುವಾಗ ಕಂಡ ನಿಮ್ಮ ಮುಖವೊಂದನ್ನು ಬಿಟ್ಟರೆ ಯಾರದೂ ನನಗೆ ಗುರುತಿರಲಿಲ್ಲ. ಯಾರೂ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕೈಗಳೂ ಬೆನ್ನ ಹಿಂದೆ ಇದ್ದವು.

ಶೂ ಬಂಡೆಯನ್ನು ಹಿಡಿಯಿತು. ಮೂತಿಯಲ್ಲಿ ಬೆರಳುಗಳು ಅಗಲವಾಗಿ ಹರಡಿಕೊಂಡು ಅಟ್ಟೆಯ ಮೂಲಕ ಕಲ್ಲನ್ನು ತಡವುತ್ತಿದ್ದವು. ಅರ್ಧದಲ್ಲಿ, ನೀರು ಹರಿಯುವ ಆ ಕಪ್ಪು ಪಟ್ಟೆಯ ಮೇಲೆ ಎಡಗಾಲು ಒಂದು ಗೇಣು ಜಾರಿತು. ನಾನು ಪಕ್ಕಕ್ಕೆ ವಾಲಿದೆ. ಅಲ್ಲಿ ನಿಂತಿದ್ದವರು ನೀವು; ನನ್ನ ಭುಜಕ್ಕೂ ನಿಮಗೂ ಒಂದು ಮೊಳದ ಅಂತರ. ನಿಮ್ಮ ಪಕ್ಕದಲ್ಲಿದ್ದವರು “ಅಯ್ಯೋ” ಎಂದರು. ನೀವು ಕಲ್ಲಿನಂತೆ ನಿಂತಿದ್ದಿರಿ. ರೆಪ್ಪೆ ಕೂಡ ಅಲುಗಲಿಲ್ಲ. ಈ ಮನುಷ್ಯ ತಾನು ಆರಿಸಿದ ಶೂವನ್ನು ಎಷ್ಟು ನಂಬಿದ್ದಾನೆ ಎಂದುಕೊಂಡೆ. ಆ ನಂಬಿಕೆಯೇ ನನ್ನನ್ನು ನೆಟ್ಟಗೆ ನಿಲ್ಲಿಸಿತು. ರಬ್ಬರು ಮತ್ತೆ ಕಚ್ಚಿಕೊಂಡಿತು. ಇಳಿದೆ.

ಇಪ್ಪತ್ತಮೂರು ಗಂಟೆ, ಮೂವತ್ತೆಂಟು ನಿಮಿಷ. ಆದರೆ ನನಗೆ ಉಳಿದಿರುವುದು ಆ ಲೆಕ್ಕವಲ್ಲ. ಒಮ್ಮೆ ನನ್ನನ್ನು ಐದು ಗಂಟೆ ಹೊತ್ತ ಕೈಗಳು, ನಾನು ನಡೆಯಲೆಂದು ತಮ್ಮನ್ನು ತಾವೇ ತಡೆದುಕೊಂಡು ನಿಂತವು. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಋಣಿಯಾಗಿರಬೇಕೆಂದು ಒಡ್ಡಿನ ಮೇಲೆ ನಡೆಯುತ್ತ ಯೋಚಿಸುತ್ತೇನೆ, ತೀರ್ಮಾನವಾಗಿಲ್ಲ.

ದೂರು: ಕಲ್ಲುಗಣಿಯ ದಾರಿಯ ಕೊನೆಯ ಎರಡು ಮೈಲಿಯಲ್ಲಿ ಎಡ ಕಿರುಬೆರಳಿಗೆ ಗುಳ್ಳೆ. ಅಷ್ಟೇ.

ಫೆನ್ನಾ


ಬ್ರೆಕ್‌ಡೇಲ್
9 ಜುಲೈ 2015

ಪ್ರಿಯ ಫೆನ್ನಾ,

ಕಿರುಬೆರಳ ವಿಷಯ ಬರೆದುಕೊಂಡಿದ್ದೇನೆ. ಆ ಜಾಗದಲ್ಲಿ ಹೊಲಿಗೆಯ ಅಂಚು ಒಳಕ್ಕೆ ಮಡಿಚಿದೆ. ಬರುವ ಜೋಡಿಯಲ್ಲಿ ನೋಡಿಕೊಳ್ಳುತ್ತೇನೆ. ತಂಡಕ್ಕೆ ಹೇಳಿದ್ದು ನಾನಲ್ಲ, ಹೆಸ್ಟರ್. ಆದರೆ ತಡೆಯಲಿಲ್ಲವಾದ್ದರಿಂದ ತಪ್ಪು ಇಬ್ಬರದೂ.

ನಿಮ್ಮ ಪತ್ರದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನಾವಿಬ್ಬರೂ ಇನ್ನು ಮುಚ್ಚಿಡುವುದಿಲ್ಲ ಎಂದ ಮೇಲೆ ಅದನ್ನು ಹಾಗೆಯೇ ಬಿಡುವುದು ಸರಿಯಲ್ಲ.

ನಾನು ಶೂವನ್ನು ನಂಬಿರಲಿಲ್ಲ. ಆ ಕಪ್ಪು ಪಟ್ಟೆಯ ಮೇಲೆ ನಿಮ್ಮ ಕಾಲು ಜಾರಿದ ಕ್ಷಣದಲ್ಲಿ ನಿಯಮವನ್ನೂ ನಂಬಿರಲಿಲ್ಲ. ನಿಮ್ಮ ಇಪ್ಪತ್ತು ಗಂಟೆಗಳ ಶ್ರಮ ಮಣ್ಣುಪಾಲಾದರೂ ಚಿಂತೆಯಿಲ್ಲ ಎಂದು ಕೈ ಚಾಚಲು ಹೊರಟಿದ್ದೆ. ನನ್ನ ಹಿಂದೆ ಹೆಸ್ಟರ್ ನಿಂತಿದ್ದಳು. ನನ್ನ ಎರಡೂ ಮಣಿಕಟ್ಟುಗಳನ್ನು ಬೆನ್ನ ಹಿಂದೆ ಹಿಡಿದು, ಕುರಿಯನ್ನು ಹಿಡಿಯುವವರು ಹಿಡಿಯುವಂತೆ ಬಲವಾಗಿ ಎಳೆದು, ಕಿವಿಯಲ್ಲಿ “ಬಿಡಲ್ಲ ಕಣೋ, ಅವ್ಳು ಬರ್ತಾಳೆ, ಸುಮ್ನಿರು” ಎಂದಳು. ನಾನಾಗಿ ಕಲ್ಲಿನಂತೆ ನಿಂತದ್ದಲ್ಲ, ಅವಳು ನನ್ನನ್ನು ಹಾಗೆ ನಿಲ್ಲಿಸಿದ್ದಳು.

ಮಣಿಕಟ್ಟಿನ ಮೇಲೆ ಅವಳ ಉಗುರುಗಳ ಗುರುತು ಇನ್ನೂ ಇದೆ. ಅಂಗಡಿಗೆ ಬಂದವರಿಗೆಲ್ಲ ಅಂಗಿಯ ತೋಳು ಮಡಿಸಿ ತೋರಿಸುತ್ತಿದ್ದೇನೆ.

ಐಸಾಕ್